ಹಿತ್ತಾಳೆಯ ಕಾಡತೂಸು: ಚಾಮರಾಜನಗರ–ಗುಂಡ್ಲುಪೇಟೆ ಅರಣ್ಯಸೀಮೆಯ ಬೇಟೆಯ ಇತಿಹಾಸದಲ್ಲಿ ಒಂದು ಅಲಕ್ಷಿತ ಆಕರ

ಪೀಠಿಕೆ

ಕರ್ನಾಟಕದ ದಕ್ಷಿಣದ ಅಂಚಿನಲ್ಲಿರುವ ಚಾಮರಾಜನಗರ ಮತ್ತು ಗುಂಡ್ಲುಪೇಟೆ ಸೀಮೆಗಳು ಒಂದೆಡೆ ಬಿಳಿಗಿರಿರಂಗನ ಬೆಟ್ಟಗಳನ್ನೂ ಇನ್ನೊಂದೆಡೆ ಬಂಡೀಪುರದ ಕಾಡನ್ನೂ ಒಳಗೊಂಡು ನೀಲಗಿರಿಯ ತಪ್ಪಲಿನವರೆಗೆ ಹರಡಿಕೊಂಡಿವೆ. ಅರಿಕುಠಾರವೆಂಬ ಹಳೆಯ ಹೆಸರಿನ ಊರು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1818ರಲ್ಲಿ, ಅವರ ತಂದೆಯ ಜನ್ಮಸ್ಥಳವೆಂಬ ಕಾರಣಕ್ಕೆ ಚಾಮರಾಜನಗರವಾಯಿತು. 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಜಿಲ್ಲಾಕೇಂದ್ರವಾಯಿತು. ಈ ಎರಡು ದಿನಾಂಕಗಳ ನಡುವಣ ಕಾಲದ ಬಹುಭಾಗದಲ್ಲಿ ಈ ಸೀಮೆಯು ಹೊರಜಗತ್ತಿಗೆ ಪರಿಚಿತವಾದದ್ದು ಆನೆ, ಕಾಟಿ ಮತ್ತು ಹುಲಿಗಳ ನೆಲೆಯಾಗಿ, ಅಂದರೆ ಬೇಟೆಯ ನೆಲವಾಗಿ.

ಈ ಬೇಟೆಯ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಆಶ್ರಯಿಸಿರುವ ಆಕರಗಳು ಮೂರು: ಬೇಟೆಗಾರರ ಗ್ರಂಥಗಳು, ಅರಮನೆಯ ಛಾಯಾಚಿತ್ರಗಳು ಮತ್ತು ಪ್ರಾಣಿಗಳ ಚರ್ಮ–ಕೊಂಬುಗಳ ಸಂಗ್ರಹಗಳು. ಮೈಸೂರಿನಲ್ಲಿ 1900ರ ಸುಮಾರಿಗೆ ಆರಂಭವಾಗಿ 1999ರಲ್ಲಿ ಮುಚ್ಚಿದ ವ್ಯಾನ್ ಇಂಗೆನ್ ಕಾರ್ಯಾಗಾರದಲ್ಲಿ ಸಿದ್ಧಗೊಂಡ ಹುಲಿಯ ತಲೆಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿವೆ. ಆದರೆ ಆ ಪ್ರಾಣಿಯನ್ನು ಉರುಳಿಸಿದ ಗುಂಡನ್ನು ಹಿಡಿದಿಟ್ಟಿದ್ದ ಹಿತ್ತಾಳೆಯ ಕವಚದ ಕಡೆಗೆ ಯಾರ ಗಮನವೂ ಹರಿದಿಲ್ಲ. ಕವಚವನ್ನು ತೊಳೆಯುವುದು, ಜಿಡ್ಡು ಸವರಿ ಅಚ್ಚಿಗೆ ಒತ್ತುವುದು, ಒರೆಸಿ ಒಣಗಿಸಿ ಮತ್ತೆ ತುಂಬುವುದು ಎಂಬ ಸಣ್ಣ ಕೆಲಸಗಳ ಮೇಲೆ ಗುರಿಯ ನಿಖರತೆಯೂ ಮೃಗದ ಮುಂದೆ ನಿಂತವರ ಪ್ರಾಣವೂ ಅವಲಂಬಿಸಿದ್ದವು. ಮತ್ತೆ ತುಂಬಬಹುದಾದ ವಸ್ತು ಅದಾಗಿದ್ದುದರಿಂದಲೇ ಪ್ರಭುತ್ವವೂ ಅದನ್ನು ಶಂಕೆಯಿಂದ ನೋಡಿತು. ಈ ಎರಡು ಅಂಶಗಳನ್ನು ಒಟ್ಟಿಗೆ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಾಗದದಿಂದ ಹಿತ್ತಾಳೆಗೆ

ಕಾಡತೂಸು ಎಂಬ ಪದವು ಪೋರ್ಚುಗೀಸ್ ಮೂಲದ್ದು. ತೋಟಾ ಎಂಬ ಮಾತೂ ಬಳಕೆಯಲ್ಲಿದೆ. ಆರಂಭದಲ್ಲಿ ಅದು ಮದ್ದು ಮತ್ತು ಗುಂಡನ್ನು ಸುತ್ತಿಟ್ಟ ಕಾಗದದ ಪೊಟ್ಟಣ ಮಾತ್ರ. ಗುಂಡು ನಳಿಗೆಯಲ್ಲಿ ಸುಲಭವಾಗಿ ಇಳಿಯಲೆಂದು ಆ ಪೊಟ್ಟಣಕ್ಕೆ ಜಿಡ್ಡು ಸವರಲಾಗುತ್ತಿತ್ತು. ಆ ಜಿಡ್ಡಿನಲ್ಲಿ ದನ ಮತ್ತು ಹಂದಿಯ ಕೊಬ್ಬು ಸೇರಿದೆಯೆಂಬ ಸುದ್ದಿ 1857ರ ಜನವರಿಯಲ್ಲಿ ಕಲ್ಕತ್ತೆಯ ಬಳಿಯ ಡಮ್‌ಡಮ್‌ನಿಂದ ಹರಡಿದುದರ ಪರಿಣಾಮ ಸರ್ವವಿದಿತ. ಅದೇ ವರ್ಷದ ನವೆಂಬರಿನಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ನಿಶ್ಶಸ್ತ್ರೀಕರಣ ಕಾಯ್ದೆಯನ್ನು ವಿರೋಧಿಸಿ ದಂಗೆಯೆದ್ದರು. ಮದ್ದುಗುಂಡಿಗೆ ಹಚ್ಚುವ ಜಿಡ್ಡು ಮತ್ತು ಪ್ರಜೆಯ ಕೈಯಲ್ಲಿರುವ ಆಯುಧ, ಇವೆರಡೂ ಒಂದೇ ವರ್ಷದಲ್ಲಿ ರಾಜಕೀಯ ಪ್ರಶ್ನೆಗಳಾದವು ಎಂಬುದು ಗಮನಾರ್ಹ.

ಲೋಹದ ಕವಚವು ಇದರ ನಂತರದ ಬೆಳವಣಿಗೆ. ಬ್ರಿಟಿಷ್ ಸೈನ್ಯವು 1866ರಲ್ಲಿ ಸ್ನೈಡರ್ ಕೋವಿಯನ್ನು ಅಂಗೀಕರಿಸಿತು. ಅದಕ್ಕಾಗಿ ಕರ್ನಲ್ ಬಾಕ್ಸರ್ ರೂಪಿಸಿದ ಕಾಡತೂಸಿನಲ್ಲಿ ತೆಳುವಾದ ಹಿತ್ತಾಳೆಯ ಹಾಳೆಯನ್ನು ಸುರುಳಿ ಸುತ್ತಿ ಕವಚ ಮಾಡಲಾಗಿತ್ತು. ಭಾರತದಲ್ಲಿ ಪುಣೆಯ ಬಳಿಯ ಖಡ್ಕಿಯಲ್ಲಿ 1869ರಲ್ಲಿ ಮದ್ದುಗುಂಡಿನ ಕಾರ್ಖಾನೆ ಆರಂಭವಾಯಿತು. 1871ರಲ್ಲಿ ಬಂದ ಮಾರ್ಟಿನಿ–ಹೆನ್ರಿ ಕೋವಿಗೂ ಸುರುಳಿ ಕವಚವೇ ಇತ್ತು. ಕೆಲವು ಸುತ್ತು ಹಾರಿಸಿ ಕೋವಿ ಬಿಸಿಯೇರಿ ಮಸಿ ಕಟ್ಟಿದಾಗ ಈ ತೆಳು ಕವಚವು ಒಳಗೇ ಅಂಟಿಕೊಳ್ಳುತ್ತಿತ್ತು. ಹೊರಗೆಳೆಯುವ ಕೊಕ್ಕೆಗೆ ಸಿಕ್ಕಿ ಹರಿದುಹೋಗುತ್ತಿತ್ತು. 1885ರ ಜನವರಿ 17ರಂದು ಸೂಡಾನಿನ ಅಬು ಕ್ಲಿಯ ಕದನದಲ್ಲಿ ಇಂಥ ತೊಡಕುಗಳಿಂದ ಸೈನಿಕರು ಅಪಾಯಕ್ಕೆ ಸಿಲುಕಿದರು. ಆ ಬಳಿಕ ಒಂದೇ ಬಿಲ್ಲೆಯಿಂದ ಒತ್ತಿ ಎಳೆದು ತಯಾರಿಸಿದ ಗಟ್ಟಿ ಹಿತ್ತಾಳೆ ಕವಚವು ಸೈನ್ಯದಲ್ಲಿ ನೆಲೆಗೊಂಡಿತು.

ಗಟ್ಟಿ ಕವಚದ ವಿಶೇಷವೆಂದರೆ ಅದು ಒಂದೇ ಬಳಕೆಗೆ ಮುಗಿಯುವುದಿಲ್ಲ. ಸಿಡಿದ ಕೇಪನ್ನು ತೆಗೆದು ಹೊಸ ಕೇಪು ಕೂರಿಸಿ, ಮದ್ದು ಸುರಿದು, ಗುಂಡನ್ನಿಟ್ಟರೆ ಅದೇ ಕವಚವು ಮತ್ತೆ ಕಾಡತೂಸಾಗುತ್ತದೆ. ಬರ್ಮಿಂಗ್‌ಹ್ಯಾಮಿನ ಕೈನಾಕ್, ಲಂಡನ್ನಿನ ಈಲಿ ಮೊದಲಾದ ಸಂಸ್ಥೆಗಳು ಬೇಟೆಗಾರರಿಗಾಗಿ ಖಾಲಿ ಕವಚಗಳನ್ನೂ ಮಾರುತ್ತಿದ್ದವು.

ಸ್ಯಾಂಡರ್ಸನ್ ಮತ್ತು ಹೊನ್ನುಹೊಳೆಯ ಸೀಮೆ

ಈ ಅರಣ್ಯಸೀಮೆಯ ಬೇಟೆಯ ಲಿಖಿತ ಚರಿತ್ರೆಯಲ್ಲಿ ಮೊದಲಿಗೆ ನಿಲ್ಲುವ ಹೆಸರು ಜಾರ್ಜ್ ಪೆರೆಸ್ ಸ್ಯಾಂಡರ್ಸನ್ (1848–1892). ಈತನ ತಂದೆ ವೆಸ್ಲಿಯನ್ ಮಿಷನರಿ ಡ್ಯಾನಿಯಲ್ ಸ್ಯಾಂಡರ್ಸನ್, ರೀವ್‌ನ ಕನ್ನಡ–ಇಂಗ್ಲಿಷ್ ನಿಘಂಟನ್ನು ಪರಿಷ್ಕರಿಸಿ 1858ರಲ್ಲಿ ಹೊರತಂದವರು. ಮಗನು 1864ರಲ್ಲಿ ಮೈಸೂರಿಗೆ ಬಂದು, ನಾಲೆಗಳ ಮೇಲ್ವಿಚಾರಣೆಯ ಸರ್ಕಾರಿ ಕೆಲಸದಲ್ಲಿದ್ದುಕೊಂಡು ಬೇಟೆಯಲ್ಲಿ ಪಳಗಿದನು. 1874ರಲ್ಲಿ ಚಾಮರಾಜನಗರದ ಬಳಿ, ಹೊನ್ನುಹೊಳೆಯೆಂದೂ ಸುವರ್ಣಾವತಿಯೆಂದೂ ಕರೆಯಲಾಗುವ ನದಿಯ ಸೀಮೆಯಲ್ಲಿ, ಆನೆಗಳ ಹಿಂಡನ್ನು ಖೆಡ್ಡಾಕ್ಕೆ ಕೆಡವುವುದರಲ್ಲಿ ಯಶಸ್ವಿಯಾದನು. ಈ ಅನುಭವಗಳನ್ನೊಳಗೊಂಡ ಗ್ರಂಥವು 1878ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು.

ಆ ಗ್ರಂಥದಲ್ಲಿ ಕೋವಿಗಳ ಆಯ್ಕೆಗೂ ಸ್ಥಾನವಿದೆ. ಆನೆ ಮತ್ತು ಕಾಟಿಗಳಿಗೆ ಅಂದು ಬಳಕೆಯಲ್ಲಿದ್ದುದು 8 ಬೋರ್, 4 ಬೋರ್‌ನಂಥ ಭಾರಿ ಕೋವಿಗಳು. ಒಂದು ಪೌಂಡು ಸೀಸದಿಂದ ನಳಿಗೆಯ ಅಳತೆಯ ಎಷ್ಟು ಗುಂಡುಗಳಾಗುತ್ತವೆಯೋ ಆ ಸಂಖ್ಯೆಯೇ ಬೋರ್. ಆದುದರಿಂದ 8 ಬೋರ್‌ನ ಗುಂಡು ಸುಮಾರು 57 ಗ್ರಾಂ, 4 ಬೋರ್‌ನದು ಸುಮಾರು 113 ಗ್ರಾಂ ತೂಗುತ್ತಿತ್ತು. ಇಂಥ ಕಾಡತೂಸುಗಳು ದುಬಾರಿಯಾಗಿದ್ದವು, ಭಾರವಾಗಿದ್ದವು. ವಿಲಾಯತಿಯಿಂದ ಹಡಗಿನಲ್ಲಿ ಬರಬೇಕಾಗಿತ್ತು. ನಂಜನಗೂಡಿನವರೆಗೆ ರೈಲು ಬಂದದ್ದು 1891ರಲ್ಲಿ. ಚಾಮರಾಜನಗರಕ್ಕೆ 1920ರ ದಶಕದಲ್ಲಿ. ಗುಂಡ್ಲುಪೇಟೆಗೆ ಇಂದಿಗೂ ರೈಲುಮಾರ್ಗವಿಲ್ಲ. ಎತ್ತಿನ ಗಾಡಿಯ ದಾರಿಯಲ್ಲಿ, ಪೇಟೆಯಿಂದ ಹಲವು ದಿನಗಳ ದೂರದಲ್ಲಿ ಬೀಡುಬಿಟ್ಟವರಿಗೆ ಖಾಲಿ ಕವಚವನ್ನು ಎಸೆಯುವುದೆಂದರೆ ನಷ್ಟ. ಹೀಗಾಗಿ ಕವಚವನ್ನು ಕೈಯಿಂದಲೇ ಮರುತುಂಬುವ ಪದ್ಧತಿಯು ಆ ಕಾಲದ ಶಿಕಾರಿ ಬೀಡುಗಳ ನಿತ್ಯದ ಕೆಲಸವಾಯಿತು.

ಈ ಬೀಡುಗಳಲ್ಲಿ ಹೆಜ್ಜೆಯ ಜಾಡು ಹಿಡಿದು ಮುಂದೆ ನಡೆಯುತ್ತಿದ್ದವರು ಸೋಲಿಗರು ಮತ್ತು ಕಾಡುಕುರುಬರು. ಮೃಗವನ್ನು ಮೊದಲು ಕಾಣುವವರು ಇವರೇ. ಕೇಪು ಸಿಡಿಯದೆ ಹೋದರೆ, ಅಥವಾ ಮೊದಲ ಗುಂಡಿನ ಕವಚವು ಒಳಗೆ ಸಿಕ್ಕಿಕೊಂಡು ಎರಡನೆಯದನ್ನು ತುಂಬಲಾಗದಿದ್ದರೆ, ಆ ವೈಫಲ್ಯದ ಮೊದಲ ಪರಿಣಾಮವನ್ನು ಎದುರಿಸುವವರೂ ಇವರೇ. ಕವಚದ ಶುದ್ಧಿಯು ಕೇವಲ ಗುರಿಕಾರನ ಅಚ್ಚುಕಟ್ಟಿನ ಪ್ರಶ್ನೆಯಾಗಿರಲಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ತೊಳೆಯುವುದು: ಕಿಲುಬು, ಮಸಿ ಮತ್ತು ಪಾದರಸ

ಕಾಡತೂಸಿನ ಹಿತ್ತಾಳೆಯು ಸುಮಾರು 70 ಭಾಗ ತಾಮ್ರ ಮತ್ತು 30 ಭಾಗ ಸತುವಿನ ಮಿಶ್ರಣ. ಒಡೆಯದೆ ಹಿಗ್ಗಿ ಮತ್ತೆ ಸ್ವಲ್ಪ ಕುಗ್ಗುವುದು ಅದರ ಗುಣ. ಹಾರಿಸಿದ ಕ್ಷಣದಲ್ಲಿ ಕವಚವು ಹಿಗ್ಗಿ ಗೂಡಿನ ಗೋಡೆಗೆ ಒತ್ತಿಕೊಂಡು ಅನಿಲವು ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಒತ್ತಡ ಇಳಿದೊಡನೆ ಕುಗ್ಗಿ ಸಡಿಲವಾಗುತ್ತದೆ. ಕವಚದ ಮೇಲೆ ಮಣ್ಣು, ಮಸಿ ಅಥವಾ ಕಿಲುಬು ಇದ್ದರೆ ಈ ಹಿಗ್ಗು–ಕುಗ್ಗುಗಳೆರಡೂ ಕೆಡುತ್ತವೆ.

ಗಂಧಕ, ಇದ್ದಿಲು ಮತ್ತು ಪೆಟ್ಲುಪ್ಪಿನಿಂದಾದ ಕರಿಮದ್ದು ಉರಿದಾಗ ಅದರ ಅರ್ಧಕ್ಕೂ ಹೆಚ್ಚು ಭಾಗ ಘನರೂಪದ ಮಸಿಯಾಗಿ ಉಳಿಯುತ್ತದೆ. ಈ ಮಸಿಯು ಗಾಳಿಯ ತೇವವನ್ನು ಹೀರಿಕೊಂಡು, ತನ್ನಲ್ಲಿರುವ ಗಂಧಕದ ಲವಣಗಳಿಂದ ಹಿತ್ತಾಳೆಯನ್ನು ಕಪ್ಪಾಗಿಸಿ ತಿನ್ನತೊಡಗುತ್ತದೆ. ಆದುದರಿಂದ ಹಾರಿಸಿದ ದಿನವೇ ಕವಚಗಳನ್ನು ನೀರಿಗೆ ಹಾಕಿ ತೊಳೆಯಬೇಕಾಗುತ್ತಿತ್ತು. ಆಮ್ಲದ ಬಳಕೆಯಲ್ಲೂ ಮಿತಿ ಬೇಕು. ಮನೆಯ ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಚ್ಚಿ ಬೂದಿಯಿಂದ ಉಜ್ಜುವ ಕ್ರಮವು ಕನ್ನಡನಾಡಿನ ಪ್ರತಿ ಅಡುಗೆಮನೆಗೂ ತಿಳಿದದ್ದು. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲವು ತಾಮ್ರದ ಆಕ್ಸೈಡನ್ನು ಕರಗಿಸುತ್ತದೆ. ಕವಚ ತೊಳೆಯುವವರು ಬಳಸುವ ನಿಂಬೆಯ ಆಮ್ಲದ ತತ್ತ್ವವೂ ಇದೇ. ಆದರೆ ಆಮ್ಲದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಸತುವು ಕರಗಿ ಹೊರಬಂದು ಮೇಲ್ಮೈ ಕೆಂಪೇರುತ್ತದೆ, ಲೋಹ ದುರ್ಬಲವಾಗುತ್ತದೆ. ಪಾತ್ರೆಗೆ ಇದರಿಂದ ದೊಡ್ಡ ಹಾನಿಯಿಲ್ಲ. ಬೆಂಕಿಯ ಒತ್ತಡವನ್ನು ತಡೆಯಬೇಕಾದ ಕವಚಕ್ಕೆ ಇದೆ.

ಕಣ್ಣಿಗೆ ಕಾಣದ ಇನ್ನೊಂದು ಶತ್ರು ಕೇಪಿನಲ್ಲಿದ್ದ ಪಾದರಸ. ಪಾದರಸದ ಫಲ್ಮಿನೇಟ್ ಸಿಡಿದಾಗ ಬಿಡುಗಡೆಯಾಗುವ ಪಾದರಸವು ಹಿತ್ತಾಳೆಯೊಳಗೆ ಸೇರಿ ಅದನ್ನು ಗಡುಸಾಗಿಸಿ ಒಡೆಯುವಂತೆ ಮಾಡುತ್ತದೆ. ಕರಿಮದ್ದಿನ ಕಾಲದಲ್ಲಿ ದಟ್ಟವಾದ ಮಸಿಯೇ ಪಾದರಸವನ್ನು ಹಿಡಿದಿಟ್ಟು ತೊಳೆದಾಗ ಹೊರಹೋಗುತ್ತಿದ್ದುದರಿಂದ ದೋಷವು ಮರೆಯಾಗಿತ್ತು. ಮಸಿಯಿಲ್ಲದ ಹೊಸ ಮದ್ದು ಬಂದಾಗ ಎಷ್ಟು ಚೆನ್ನಾಗಿ ತೊಳೆದರೂ ಕವಚಗಳು ಸೀಳತೊಡಗಿದವು. ಹೊಳಪೇ ಶುದ್ಧಿಯಲ್ಲವೆಂಬುದು ಹೀಗೆ ಅನುಭವದಿಂದ ತಿಳಿಯಿತು.

ಮಳೆಗಾಲ ಮತ್ತು ಲಾಯ

ಹಿತ್ತಾಳೆಯ ಕುರಿತಾಗಿ ಭಾರತದ ಮಳೆಗಾಲವು ಜಗತ್ತಿನ ಲೋಹವಿಜ್ಞಾನಕ್ಕೆ ಒಂದು ಮುಖ್ಯ ಪಾಠವನ್ನೇ ನೀಡಿತು. ಮಳೆಯ ತಿಂಗಳುಗಳಲ್ಲಿ ಸೈನ್ಯದ ಚಟುವಟಿಕೆ ಕಡಿಮೆಯಾಗುತ್ತಿತ್ತು. ಮದ್ದುಗುಂಡುಗಳನ್ನು ಕುದುರೆಲಾಯಗಳಲ್ಲಿ ದಾಸ್ತಾನು ಮಾಡಲಾಗುತ್ತಿತ್ತು. ಮಳೆ ಮುಗಿದು ಪೆಟ್ಟಿಗೆ ತೆರೆದಾಗ, ಒಮ್ಮೆಯೂ ಹಾರಿಸದ ಕಾಡತೂಸುಗಳ ಕುತ್ತಿಗೆಗಳು ಬಿರುಕುಬಿಟ್ಟಿರುತ್ತಿದ್ದವು. ಋತುಮಾನಕ್ಕೆ ತಕ್ಕಂತೆ ಕಾಣಿಸಿಕೊಳ್ಳುತ್ತಿದ್ದುದರಿಂದ ಈ ದೋಷಕ್ಕೆ ಋತುಬಿರುಕು ಎಂಬರ್ಥದ ಹೆಸರೇ ಬಂದಿತು.

ಇದರ ಕಾರಣವನ್ನು ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಮೂವರು ವಿಜ್ಞಾನಿಗಳು 1921ರಲ್ಲಿ ಸ್ಪಷ್ಟಪಡಿಸಿದರು. ಕುದುರೆಯ ಮೂತ್ರ ಮತ್ತು ಲದ್ದಿಯಿಂದ ಹೊರಡುವ ಅಮೋನಿಯಾ ತೇವದೊಡನೆ ಸೇರಿ ಹಿತ್ತಾಳೆಯ ಮೇಲೆ ವರ್ತಿಸುತ್ತದೆ. ತಯಾರಿಕೆಯಲ್ಲಿ ಎಳೆದು ಒತ್ತಿದಾಗ ಲೋಹದೊಳಗೆ ಉಳಿದ ಸೆಳೆತವು ಆ ಜಾಗದಲ್ಲೇ ಬಿರುಕನ್ನು ತೆರೆಯುತ್ತದೆ. ಇವೆರಡರಲ್ಲಿ ಒಂದಿಲ್ಲದಿದ್ದರೂ ಬಿರುಕು ಉಂಟಾಗುವುದಿಲ್ಲ. ಆದುದರಿಂದ ಪರಿಹಾರವೂ ಎರಡು ವಿಧ: ಅಮೋನಿಯಾವನ್ನು ದೂರವಿಡುವುದು, ಕವಚವನ್ನು ಹದವಾಗಿ ಕಾಯಿಸಿ ಒಳಸೆಳೆತವನ್ನು ಇಳಿಸುವುದು.

ನೈಋತ್ಯ ಮತ್ತು ಈಶಾನ್ಯ ಮಾರುತಗಳೆರಡರ ಮಳೆಯನ್ನೂ ಪಡೆಯುವ ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯಲ್ಲಿ ತೇವದ ಅವಧಿ ದೀರ್ಘ. ಕುದುರೆ, ಎತ್ತು, ಆನೆಗಳಿಲ್ಲದ ಶಿಕಾರಿ ಬೀಡು ಇರಲಿಲ್ಲ. ಲಾಯದ ಪಕ್ಕದ ಗುಡಾರದಲ್ಲಿಟ್ಟ ಕಾಡತೂಸಿನ ಪೆಟ್ಟಿಗೆಗೆ ಸೈನ್ಯದ ದಾಸ್ತಾನಿಗಿದ್ದ ಅಪಾಯವೇ ಇತ್ತು.

ಜಿಡ್ಡು: ಅಚ್ಚಿನಲ್ಲಿ ಬೇಕು, ಗೂಡಿನಲ್ಲಿ ಬೇಡ

ಒಮ್ಮೆ ಹಾರಿಸಿದ ಕವಚವು ಗೂಡಿನ ಅಳತೆಗೆ ಹಿಗ್ಗಿರುತ್ತದೆ. ಅದನ್ನು ಮತ್ತೆ ಬಳಸಬೇಕಾದರೆ ಉಕ್ಕಿನ ಅಚ್ಚಿನೊಳಗೆ ಬಲವಾಗಿ ಒತ್ತಿ ಮೊದಲಿನ ಅಳತೆಗೆ ತರಬೇಕು. ಒಣ ಹಿತ್ತಾಳೆಯು ಉಕ್ಕಿಗೆ ಕಚ್ಚಿಕೊಂಡು ಅಚ್ಚಿನಲ್ಲೇ ಸಿಕ್ಕಿಕೊಳ್ಳುತ್ತದೆ. ಅದಕ್ಕಾಗಿ ಕವಚದ ಹೊರಮೈಗೆ ತೆಳುವಾಗಿ ಜಿಡ್ಡು ಸವರುವುದು ಅಗತ್ಯ. ಕುರಿಯ ಉಣ್ಣೆಯಿಂದ ತೆಗೆಯುವ ಲ್ಯಾನೊಲಿನ್ ಮತ್ತು ಹರಳೆಣ್ಣೆ ಈ ಕೆಲಸಕ್ಕೆ ಹೆಸರಾದವು. ಹೆಚ್ಚಿನ ಒತ್ತಡದಲ್ಲೂ ಇವುಗಳ ಪೊರೆ ಹರಿಯುವುದಿಲ್ಲ.

ಇಲ್ಲಿಯೂ ಮಿತಿಯೇ ಮುಖ್ಯ. ಜಿಡ್ಡು ಹೆಚ್ಚಾದರೆ ಹೊರಹೋಗಲು ದಾರಿಯಿಲ್ಲದೆ ಕವಚದ ಹೆಗಲಿನ ಭಾಗದಲ್ಲಿ ನಿಂತು ತಗ್ಗು ಮಾಡುತ್ತದೆ. ಅಳತೆ ಸರಿಪಡಿಸಿದ ಬಳಿಕ ಅದನ್ನು ಪೂರ್ಣವಾಗಿ ಒರೆಸಿ ತೆಗೆಯಬೇಕು. ಜಿಡ್ಡುಳಿದ ಕವಚವು ಗೂಡಿನ ಗೋಡೆಯನ್ನು ಹಿಡಿಯಲಾರದೆ ಹಿಂದಕ್ಕೆ ಜಾರಿ, ಕೋವಿಯ ಅಗುಳಿಯ ಮೇಲೆ ಹೆಚ್ಚಿನ ಒತ್ತಡ ಹೇರುತ್ತದೆ. ಎಣ್ಣೆಯು ಒಳಗೆ ಇಳಿದರೆ ಕೇಪು ಮತ್ತು ಮದ್ದು ಎರಡೂ ಕೆಡುತ್ತವೆ. ನಿಖರತೆಯ ಸೂತ್ರವೂ ಇಲ್ಲೇ ಇದೆ. ಪ್ರತಿ ಕವಚದ ಕುತ್ತಿಗೆಯೂ ಗುಂಡನ್ನು ಒಂದೇ ಬಿಗಿಯಲ್ಲಿ ಹಿಡಿದು ಒಂದೇ ಬಗೆಯಲ್ಲಿ ಬಿಟ್ಟುಕೊಟ್ಟರೆ ಮಾತ್ರ ಗುಂಡುಗಳ ವೇಗ ಸಮನಾಗಿರುತ್ತದೆ. ಒಂದರಲ್ಲಿ ಮಸಿ, ಇನ್ನೊಂದರಲ್ಲಿ ಜಿಡ್ಡು ಉಳಿದಿದ್ದರೆ ಎಷ್ಟೇ ನುರಿತ ಗುರಿಕಾರನ ಗುಂಡುಗಳೂ ಚದುರುತ್ತವೆ.

ಅರವಂಕಾಡು: ಹೊಸ ಮದ್ದು, ಹೊಸ ತೊಡಕು

ಗುಂಡ್ಲುಪೇಟೆಯಿಂದ ಬಂಡೀಪುರವನ್ನು ಹಾದು ನೀಲಗಿರಿಯನ್ನೇರುವ ದಾರಿಯ ಆಚೆ, ಕೂನೂರಿನ ಬಳಿಯ ಅರವಂಕಾಡಿನಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾರ್ಡೈಟ್ ಕಾರ್ಖಾನೆ ಸ್ಥಾಪನೆಯಾಯಿತು. ಕಾರ್ಡೈಟ್ ಎಂಬುದು ನೂಲಿನಂತೆ ಎಳೆದ ಹೊಗೆರಹಿತ ಮದ್ದು. ಮೂಲ ಮಿಶ್ರಣದಲ್ಲಿ ನೈಟ್ರೊಗ್ಲಿಸರಿನ್ 58, ಗನ್‌ಕಾಟನ್ 37 ಮತ್ತು ಖನಿಜ ಜೆಲ್ಲಿ 5 ಭಾಗ ಇದ್ದವು. ನಳಿಗೆಗೆ ನುಣುಪು ದೊರೆಯಲೆಂದು ಸೇರಿಸಿದ ಈ ಜೆಲ್ಲಿಯು ಮದ್ದು ಬೇಗ ಕೆಡದಂತೆ ಕಾಪಾಡುತ್ತದೆಂಬುದು ಆಮೇಲೆ ತಿಳಿದ ಸಂಗತಿ.

ಕಾರ್ಡೈಟ್‌ನಿಂದ ಮಸಿಯ ತೊಂದರೆ ನೀಗಿದರೂ ಬೇರೆ ತೊಡಕುಗಳು ಬಂದವು. ಬಿಸಿಲಿಗೆ ಕಾದ ಕಾಡತೂಸಿನ ಒತ್ತಡ ಏರಿ ಕವಚವು ಗೂಡಿನಲ್ಲಿ ಬಿಗಿಯಾಗಿ ಅಂಟುತ್ತಿತ್ತು. ಆದುದರಿಂದ ಬ್ರಿಟಿಷ್ ತಯಾರಕರು ಉಷ್ಣದೇಶಗಳಿಗೆಂದು ಮದ್ದಿನ ಪ್ರಮಾಣವನ್ನು ತಗ್ಗಿಸಿದ ಕಾಡತೂಸುಗಳನ್ನು ಬೇರೆಯಾಗಿ ಕಳುಹಿಸುತ್ತಿದ್ದರು. ಕೇಪಿನಲ್ಲಿನ ಪೊಟ್ಯಾಸಿಯಂ ಕ್ಲೋರೇಟ್ ಉಳಿಸುವ ಉಪ್ಪು ತೇವವನ್ನೆಳೆದು ನಳಿಗೆಗೆ ತುಕ್ಕು ಹಿಡಿಸುತ್ತಿತ್ತು. ಇದು ಎಣ್ಣೆಯಲ್ಲಿ ಕರಗದು, ಬಿಸಿನೀರಿನಿಂದಲೇ ತೊಳೆಯಬೇಕು. ಇದಲ್ಲದೆ, ಸೈನ್ಯದ .303 ಕಾಡತೂಸಿನಲ್ಲಿ ಕಾರ್ಡೈಟ್ ಎಳೆಗಳ ಕಟ್ಟನ್ನು ಮೊದಲು ಕವಚಕ್ಕಿಟ್ಟು ಆಮೇಲೆ ಕುತ್ತಿಗೆಯನ್ನು ಕಿರಿದುಗೊಳಿಸಲಾಗುತ್ತಿತ್ತು. ಇಂಥ ಕವಚವನ್ನು ಕೈಯಿಂದ ಮರುತುಂಬುವುದು ಕಷ್ಟ. ಕಾರ್ಖಾನೆಯ ಸಿದ್ಧ ಕಾಡತೂಸು ಹೀಗೆ ಬೀಡಿನ ಕೈಕೆಲಸವನ್ನು ಹಿಂದಕ್ಕೆ ಸರಿಸಿತು.

ಖಾಲಿ ಕವಚ ಮತ್ತು ಪ್ರಭುತ್ವದ ಶಂಕೆ

ಮರುತುಂಬುವಿಕೆ ಕ್ಷೀಣಿಸಲು ತಂತ್ರಜ್ಞಾನವೊಂದೇ ಕಾರಣವಲ್ಲ. 1878ರ ಶಸ್ತ್ರಾಸ್ತ್ರ ಕಾಯ್ದೆಯು ಬ್ರಿಟಿಷ್ ಭಾರತದಲ್ಲಿ ಆಯುಧ ಮತ್ತು ಮದ್ದುಗುಂಡನ್ನು ಪರವಾನಗಿಗೆ ಒಳಪಡಿಸಿತು. 1907ರಲ್ಲಿ .450 ಬೋರ್‌ನ ಬೇಟೆಯ ಕೋವಿಗಳಿಗೂ ಭಾರತದಲ್ಲಿ ನಿಷೇಧ ಬಂದಿತು. ಅವುಗಳ ಮದ್ದುಗುಂಡಿನ ಭಾಗಗಳು ಬಂಡಾಯಗಾರರ ಕೈಯಲ್ಲಿದ್ದ ಹಳೆಯ ಮಾರ್ಟಿನಿ–ಹೆನ್ರಿ ಕೋವಿಗಳಿಗೆ ಒದಗಬಹುದೆಂಬ ಭಯವೇ ಇದಕ್ಕೆ ಕಾರಣ. ಈ ನಿಷೇಧದಿಂದ ಪಾರಾಗಲೆಂದೇ ಇಂಗ್ಲೆಂಡಿನ ತಯಾರಕರು .465, .470 ಮುಂತಾದ ಅಳತೆಗಳನ್ನು ಹೊರತಂದರು. ಇಪ್ಪತ್ತನೆಯ ಶತಮಾನದ ಭಾರಿ ಬೇಟೆಗೋವಿಗಳ ಅಳತೆಯನ್ನು ನಿರ್ಧರಿಸಿದ್ದರಲ್ಲಿ ಮೃಗದ ಗಾತ್ರದಷ್ಟೇ ಪ್ರಭುತ್ವದ ಭಯದ ಪಾತ್ರವೂ ಇದೆ.

ಸ್ವತಂತ್ರ ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯೂ ಮದ್ದುಗುಂಡಿನ ಭಾಗಗಳನ್ನು ಮತ್ತು ಅದನ್ನು ತಯಾರಿಸುವ ಯಂತ್ರಗಳನ್ನು ಮದ್ದುಗುಂಡು ಎಂಬ ವ್ಯಾಖ್ಯೆಯೊಳಗೇ ಸೇರಿಸಿದೆ. ಪರವಾನಗಿಯಿಲ್ಲದ ತಯಾರಿಕೆ ಅಪರಾಧ. ಇನ್ನೊಂದೆಡೆ ಬೇಟೆಯ ನೆಲವೇ ರಕ್ಷಣೆಯ ನೆಲವಾಯಿತು. 1931ರಲ್ಲಿ ಬಂಡೀಪುರದ 90 ಚದರ ಕಿಲೋಮೀಟರ್ ಪ್ರದೇಶ ರಕ್ಷಿತವಾಯಿತು. 1941ರಲ್ಲಿ ಅದು ಸುಮಾರು 800 ಚದರ ಕಿಲೋಮೀಟರಿಗೆ ವಿಸ್ತರಿಸಿ ವೇಣುಗೋಪಾಲ ವನ್ಯಜೀವಿ ಉದ್ಯಾನವೆನಿಸಿತು. 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಬಿಳಿಗಿರಿರಂಗನ ಬೆಟ್ಟವು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೆಯ ಪ್ರಕರಣದಂತೆ ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ವಾಸಿಸುವ ಆಯುಧ ಪರವಾನಗಿದಾರರು ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ಕಾಡಂಚಿನ ಹಳ್ಳಿಯಲ್ಲಿ ಬೆಳೆ ಕಾಯಲು ಕೋವಿಯಿಟ್ಟ ರೈತನೂ ಈ ನಿಯಮಕ್ಕೆ ಹೊರತಲ್ಲ.

ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಎರಡು ಅಂಶಗಳು ಸ್ಪಷ್ಟಪಡುತ್ತವೆ. ಮೊದಲನೆಯದು, ಬೇಟೆಯ ಚರಿತ್ರೆಯನ್ನು ಗುರಿಕಾರನ ಸಾಹಸದ ಚರಿತ್ರೆಯಾಗಿ ಮಾತ್ರ ಓದುವುದು ಅಪೂರ್ಣ. ನೀರು, ಆಮ್ಲ, ಜಿಡ್ಡು ಮತ್ತು ಬೆಂಕಿಯ ಹದವನ್ನು ಬಲ್ಲ ಕೈಗಳು ಅದರ ಹಿಂದೆ ಇದ್ದವು. ಛಾಯಾಚಿತ್ರದಲ್ಲಿ ಸತ್ತ ಹುಲಿಯ ಹಿಂದೆ ನಿಂತವರ ಹೆಸರು ಹೇಗೆ ದಾಖಲಾಗಿಲ್ಲವೋ ಹಾಗೆಯೇ ಈ ಕೈಗಳ ಹೆಸರೂ ದಾಖಲಾಗಿಲ್ಲ. ಎರಡನೆಯದು, ಒಂದು ಖಾಲಿ ಕವಚವೂ ಆಳುವವರ ಲೆಕ್ಕದಲ್ಲಿ ಆಯುಧವೇ ಆಗಿತ್ತು.

ಹೀಗಿರುವಾಗ ಹಳೆಯ ಬಂಗಲೆಗಳಲ್ಲಿ, ಮನೆತನದ ಪೆಟ್ಟಿಗೆಗಳಲ್ಲಿ, ಸಂಗ್ರಹಾಲಯಗಳ ಮೂಲೆಗಳಲ್ಲಿ ಉಳಿದಿರಬಹುದಾದ ಖಾಲಿ ಕವಚಗಳನ್ನು ಆಕರಗಳೆಂದು ಪರಿಗಣಿಸುವುದು ಉಚಿತ. ಬುಡದ ಮೇಲಿನ ಮುದ್ರೆಯು ತಯಾರಕರನ್ನು, ಹಲವೊಮ್ಮೆ ವರ್ಷವನ್ನೂ ತಿಳಿಸುತ್ತದೆ. ಖಡ್ಕಿಯ ಕಾರ್ಖಾನೆಯ ಕೆಎಫ್ ಎಂಬ ಗುರುತು ಇದಕ್ಕೆ ಉದಾಹರಣೆ. ಮೈಮೇಲಿನ ಉದ್ದಗೀರುಗಳು ಅದು ಅಚ್ಚಿಗೆ ಹೋಗಿಬಂದುದನ್ನೂ, ಕುತ್ತಿಗೆಯ ಬಿರುಕು ಅದು ಮಳೆಗಾಲಗಳನ್ನು ಕಳೆದ ಬಗೆಯನ್ನೂ, ಒಳಗಿನ ಮಸಿಯು ಮದ್ದಿನ ಜಾತಿಯನ್ನೂ ಸೂಚಿಸಬಲ್ಲವು. ಜೀವಂತ ಕಾಡತೂಸು ದೊರೆತರೆ ಅದನ್ನು ಮುಟ್ಟದೆ ಪೊಲೀಸರ ಗಮನಕ್ಕೆ ತರಬೇಕಾದುದು ಕಾನೂನಿನ ಮತ್ತು ಸುರಕ್ಷತೆಯ ಅಗತ್ಯ.

ಇಲ್ಲೊಂದು ಎಚ್ಚರಿಕೆಯೂ ಸಲ್ಲುತ್ತದೆ. ಮರುತುಂಬುವವನಿಗೆ ಯಾವುದು ಕೊಳೆಯೋ ಸಂಶೋಧಕನಿಗೆ ಅದೇ ಸಾಕ್ಷ್ಯ. ಪ್ರದರ್ಶನಕ್ಕೆ ಅಂದ ಬರಲೆಂದು ಹುಣಸೆಯಿಂದ ಉಜ್ಜಿದರೆ ಮಸಿ–ಕಿಲುಬುಗಳ ಜೊತೆಗೆ ಅವು ಹೇಳಬಹುದಾಗಿದ್ದ ಸಂಗತಿಗಳೂ ಅಳಿದುಹೋಗುತ್ತವೆ. ಅಮೋನಿಯಾ ಬೆರೆತ ಹಿತ್ತಾಳೆ ಪಾಲಿಶ್ ಬಳಸಿದರೆ ಲಾಯದಲ್ಲಿ ಮಳೆಗಾಲವು ಮಾಡಿದ ಹಾನಿಯೇ ಗಾಜಿನ ಪೆಟ್ಟಿಗೆಯೊಳಗೆ ಮರುಕಳಿಸಬಹುದು. ಹಿಂದೆ ಬೀಡಿನಲ್ಲಿ ಅಂದಂದೇ ತೊಳೆಯಬೇಕಾಗಿದ್ದ ಈ ಕವಚಗಳನ್ನು ಇಂದು ತೊಳೆಯದೆ, ಒಣಗಿದ ಜಾಗದಲ್ಲಿ, ಇದ್ದ ಸ್ಥಿತಿಯಲ್ಲೇ ಕಾಪಾಡುವುದು ಈ ಸೀಮೆಯ ಇತಿಹಾಸಕ್ಕೆ ಸಲ್ಲಬೇಕಾದ ಕರ್ತವ್ಯವಾಗಿದೆ.